ಬ್ಯಾಕಪ್ ಹೊತ್ತಿಗೆ ಡೇಟಾಬೇಸ್‌ಗೆ ಬೀಗ: ಹಾಕುವುದು ಹೇಗೆ, ತೆಗೆಯುವುದು ಹೇಗೆ

ಚಿಕ್ಕಮಗಳೂರಿನ ಕಾಫಿ ಖರೀದಿ ಅಂಗಡಿ, ಹೋಮ್‌ಸ್ಟೇ, ಮೆಡಿಕಲ್ ಶಾಪುಗಳಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುವ ಹುಡುಗರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಇದು. ಬ್ಯಾಕಪ್ ತೆಗೆಯುವಾಗ ಡೇಟಾಬೇಸ್‌ಗೆ ಲಾಕ್ (ಯಾರೂ ಬರೆಯದಂತೆ ತಡೆಯುವ ಬೀಗ) ಹಾಕಬೇಕಾ, ಬೇಡವಾ? ನೇರವಾಗಿ ಹೇಳುತ್ತೇನೆ. ಜಾಸ್ತಿ ಜನಕ್ಕೆ ಬೇಡ. ಬೇಕಾದವರಿಗೂ ಕೆಲವೇ ಸೆಕೆಂಡ್ ಸಾಕು. ನಿಮ್ಮ ಬ್ಯಾಕಪ್ ಅರ್ಧ ಗಂಟೆ ಲಾಕ್ ಹಿಡಿದುಕೊಂಡು ಕೂರುತ್ತಿದೆ ಅಂದರೆ ವಿಧಾನವನ್ನೇ ಬದಲಿಸಬೇಕು, ಗಂಟೆಯನ್ನು ರಾತ್ರಿ ಎರಡಕ್ಕೋ ಮೂರಕ್ಕೋ ಸರಿಸಿ ಸುಮ್ಮನಾಗುವುದಲ್ಲ.

ಇಲ್ಲಿ ಮುಖ್ಯವಾಗಿ ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್ ಬಗ್ಗೆ ಬರೆದಿದ್ದೇನೆ, ಯಾಕಂದರೆ ನಮ್ಮ ಕಡೆ ಸಣ್ಣ ಸಾಫ್ಟ್‌ವೇರ್‌ಗಳಲ್ಲಿ ನಾನು ಜಾಸ್ತಿ ನೋಡುವುದು ಅದನ್ನೇ. ಮೊಂಗೊಡಿಬಿ, ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್ ಇಟ್ಟುಕೊಂಡವರಿಗೆ ಕೊನೆಯಲ್ಲಿ ಸ್ವಲ್ಪ ಇದೆ. ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್‌ನಲ್ಲೇ ಹೊಡೆಯಿರಿ.

ಲಾಕ್ ಯಾಕೆ ಬೇಕಾಗುತ್ತದೆ

ಜನವರಿ, ಫೆಬ್ರವರಿ ಅಂದುಕೊಳ್ಳಿ. ರೋಬಸ್ಟಾ ಕೊಯ್ಲು ಜೋರಾಗಿದೆ. ಖರೀದಿ ಅಂಗಡಿ ಮುಂದೆ ಜೀಪು, ಪಿಕಪ್ ಸಾಲಾಗಿ ನಿಂತಿವೆ. ಒಬ್ಬ ಬೆಳೆಗಾರರು 50 ಕೆಜಿಯ 20 ಮೂಟೆ ಚೆರಿ ತಂದರು. ತೂಕ ಆಯಿತು, ಔಟರ್ನ್ (ಚೆರಿಯಿಂದ ಎಷ್ಟು ಬೀಜ ಸಿಗುತ್ತದೆ ಅನ್ನುವ ಲೆಕ್ಕ) ನೋಡಿದರು, ಬಿಲ್ ಹೊಡೆದರು. ಆ ಒಂದು ಬಿಲ್ಲಿಗೆ ಡೇಟಾಬೇಸ್‌ನಲ್ಲಿ ಮೂರು ಕಡೆ ಬರಹ ಆಗುತ್ತದೆ. ಬಿಲ್ ಟೇಬಲ್‌ನಲ್ಲಿ ಒಂದು ಸಾಲು, ಸ್ಟಾಕ್ ಟೇಬಲ್‌ನಲ್ಲಿ ಒಂದು ಸಾಲು, ಬೆಳೆಗಾರರ ಲೆಕ್ಕದಲ್ಲಿ ಒಂದು ಸಾಲು.

ಬ್ಯಾಕಪ್ ಪ್ರೋಗ್ರಾಂ ಬಿಲ್ ಟೇಬಲ್ ಅನ್ನು ಬಿಲ್ ಹೊಡೆಯುವ ಮುಂಚೆ ಓದಿ, ಸ್ಟಾಕ್ ಟೇಬಲ್ ಅನ್ನು ಬಿಲ್ ಹೊಡೆದ ಮೇಲೆ ಓದಿದರೆ ಏನಾಗುತ್ತದೆ? ಬ್ಯಾಕಪ್‌ನಲ್ಲಿ 20 ಮೂಟೆ ಗೋಡೌನಿಗೆ ಬಂದಿರುತ್ತವೆ, ಆದರೆ ಯಾರಿಂದ ಬಂದವು ಅನ್ನುವ ಬಿಲ್ ಇರುವುದಿಲ್ಲ. ಮೂಟೆ ಇಳಿಸುತ್ತಿರುವಾಗಲೇ ಗೋಡೌನ್ ಎಣಿಸಲು ನಿಂತ ಹಾಗೆ. ಇದು ಬ್ಯಾಕಪ್ ತೆಗೆದ ದಿನ ಗೊತ್ತಾಗುವುದಿಲ್ಲ. ಹಾರ್ಡ್ ಡಿಸ್ಕ್ ಹೋಗಿ ರೀಸ್ಟೋರ್ ಮಾಡಿದ ದಿನ ಗೊತ್ತಾಗುತ್ತದೆ, ಅವತ್ತು ಸಾಹುಕಾರ್ರು ಪಕ್ಕದಲ್ಲೇ ನಿಂತಿರುತ್ತಾರೆ.

ಅಂದರೆ ನಮಗೆ ಬೇಕಾದ್ದು ಲಾಕ್ ಅಲ್ಲ. ಎಲ್ಲ ಟೇಬಲ್‌ಗಳೂ ಒಂದೇ ಕ್ಷಣದ ಚಿತ್ರ ಕೊಡಬೇಕು, ಅಷ್ಟೇ. ಲಾಕ್ ಅದಕ್ಕೆ ಇರುವ ಒಂದು ದಾರಿ.

ಮೊದಲು ಟೇಬಲ್‌ಗಳ ಜಾತಿ ನೋಡಿ

ಮೈಎಸ್‌ಕ್ಯೂಎಲ್‌ನಲ್ಲಿ ಟೇಬಲ್‌ಗಳಿಗೆ ಬೇರೆ ಬೇರೆ ಇಂಜಿನ್ (ಡೇಟಾ ಬರೆದಿಡುವ ಪದ್ಧತಿ) ಇರುತ್ತವೆ. 5.5 ಆವೃತ್ತಿಯಿಂದ ಇನ್ನೋಡಿಬಿ ತಾನಾಗಿಯೇ ಬರುತ್ತದೆ. ಅದಕ್ಕಿಂತ ಹಿಂದಿನದು ಮೈಐಸಾಮ್. ಹಳೇ ಸಾಫ್ಟ್‌ವೇರ್‌ಗಳನ್ನು ಹೊಸ ಸರ್ವರಿಗೆ ಎತ್ತಿ ಹಾಕಿದಾಗ ಒಂದೆರಡು ಮೈಐಸಾಮ್ ಟೇಬಲ್ ಹಾಗೇ ಉಳಿದುಕೊಂಡಿರುತ್ತವೆ. ಇನ್ಫರ್ಮೇಶನ್ ಸ್ಕೀಮಾದ ಟೇಬಲ್ಸ್ ಪಟ್ಟಿಯಲ್ಲಿ ಇಂಜಿನ್ ಕಾಲಂ ನೋಡಿದರೆ ಗೊತ್ತಾಗುತ್ತದೆ. ಉಳಿದಿದ್ದರೆ, ಬೇರೆ ತೊಂದರೆ ಇಲ್ಲದಿದ್ದರೆ, ಬಿಡುವಿನ ಒಂದು ರಾತ್ರಿ ಬ್ಯಾಕಪ್ ತೆಗೆದುಕೊಂಡು ಆಲ್ಟರ್ ಟೇಬಲ್ ಮಾಡಿ ಇನ್ನೋಡಿಬಿಗೆ ತಿರುಗಿಸಿಬಿಡಿ. ಇಲ್ಲಿಂದ ಮುಂದಿನ ಅರ್ಧ ತಲೆನೋವು ಅದರಲ್ಲೇ ಹೋಗುತ್ತದೆ.

ಎಲ್ಲವೂ ಇನ್ನೋಡಿಬಿ ಆಗಿದ್ದು ಡೇಟಾ ಕೆಲವು ಜಿಬಿ ಒಳಗಿದ್ದರೆ ಡೇಟಾವನ್ನು ಒಂದು ಫೈಲಿಗೆ ಬರೆದುಕೊಡುವ ಮೈಎಸ್‌ಕ್ಯೂಎಲ್‌ಡಂಪ್ ಸಾಕು. ಅದಕ್ಕೆ --ಸಿಂಗಲ್-ಟ್ರಾನ್ಸಾಕ್ಷನ್ ಅನ್ನುವ ಆಯ್ಕೆ ಕೊಡಿ. ಅದು ರಿಪೀಟಬಲ್ ರೀಡ್ ಮಟ್ಟದಲ್ಲಿ ಒಂದು ಟ್ರಾನ್ಸಾಕ್ಷನ್ (ಒಂದೇ ಕೆಲಸವಾಗಿ ನಡೆಯುವ ಕಟ್ಟು) ತೆರೆದು, ಆ ಕ್ಷಣದಲ್ಲಿ ಡೇಟಾ ಹೇಗಿತ್ತೋ ಹಾಗೇ ಕೊನೆಯವರೆಗೂ ಓದುತ್ತದೆ. ಹೊರಗೆ ಬಿಲ್ ಹೊಡೆಯುವುದು ನಡೆಯುತ್ತಲೇ ಇರುತ್ತದೆ. ಯಾರೂ ಕಾಯುವುದಿಲ್ಲ. ಸ್ಟೋರ್ಡ್ ಪ್ರೊಸೀಜರ್ ಇದ್ದರೆ --ರೂಟೀನ್ಸ್, ಈವೆಂಟ್ ಇದ್ದರೆ --ಈವೆಂಟ್ಸ್ ಅನ್ನೂ ಸೇರಿಸಿ, ಇವೆರಡೂ ತಾನಾಗಿ ಬರುವುದಿಲ್ಲ. ಟ್ರಿಗರ್ ಮಾತ್ರ ತಾನಾಗಿ ಬರುತ್ತದೆ.

--ಸಿಂಗಲ್-ಟ್ರಾನ್ಸಾಕ್ಷನ್ ಕೊಡುವುದು ಮರೆತರೆ? ಆಗ ಡಂಪ್ ಒಂದೊಂದು ಡೇಟಾಬೇಸ್‌ನ ಟೇಬಲ್‌ಗಳಿಗೂ ರೀಡ್ ಲಾಕ್ ಹಾಕಿಕೊಂಡು ಓದುತ್ತದೆ. ಅಷ್ಟು ಹೊತ್ತೂ ಕೌಂಟರಿನಲ್ಲಿ ಬಿಲ್ ನಿಲ್ಲುತ್ತದೆ. "ಸಾರ್, ಸಾಫ್ಟ್‌ವೇರ್ ಸ್ಲೋ ಆಗಿದೆ" ಅಂತ ಬರುವ ಫೋನುಗಳಿಗೆ ಇದೂ ಒಂದು ಕಾರಣ ಇರಬಹುದು, ಮೊದಲು ಇದನ್ನೇ ನೋಡಿ.

ಒಂದು ಎಚ್ಚರ. ಸಿಂಗಲ್ ಟ್ರಾನ್ಸಾಕ್ಷನ್ ಡಂಪ್ ನಡೆಯುವಾಗ ಯಾರೂ ಆಲ್ಟರ್, ಡ್ರಾಪ್, ರೀನೇಮ್, ಟ್ರಂಕೇಟ್ ಮಾಡಬಾರದು. ಮಾಡಿದರೆ ಡಂಪ್ ಎರರ್ ಕೊಟ್ಟು ನಿಲ್ಲಬಹುದು, ಇಲ್ಲವೇ ತಪ್ಪು ಡೇಟಾ ಬರಬಹುದು. ರಾತ್ರಿ ಬ್ಯಾಕಪ್ಪೂ ಸಾಫ್ಟ್‌ವೇರ್ ಅಪ್‌ಡೇಟೂ ಒಂದೇ ಹೊತ್ತಿಗೆ ಇಟ್ಟುಕೊಳ್ಳುವವರು ಇದನ್ನು ನೆನಪಿಡಿ. ಮೈಎಸ್‌ಕ್ಯೂಎಲ್ 8 ಇದ್ದರೆ ಅದಕ್ಕೊಂದು ಹಗುರ ಬೀಗವೂ ಇದೆ, ಲಾಕ್ ಇನ್‌ಸ್ಟೆನ್ಸ್ ಫಾರ್ ಬ್ಯಾಕಪ್ ಅಂತ. ಅದು ಟೇಬಲ್ ರಚನೆ ಬದಲಾಗದಂತೆ ತಡೆಯುತ್ತದೆ, ಬಿಲ್ ಹೊಡೆಯುವುದನ್ನು ತಡೆಯುವುದಿಲ್ಲ. ಅನ್‌ಲಾಕ್ ಇನ್‌ಸ್ಟೆನ್ಸ್ ಅಂದರೆ ಬಿಡುತ್ತದೆ. ಬಳಸುವ ಯೂಸರ್‌ಗೆ ಬ್ಯಾಕಪ್ ಅಡ್ಮಿನ್ ಅನುಮತಿ ಬೇಕು.

ಪೂರ್ತಿ ಬೀಗ ಹಾಕಬೇಕಾದಾಗ

ಮೈಐಸಾಮ್ ಟೇಬಲ್ ಬಿಡಲಾಗದು, ಅಥವಾ ಡೇಟಾ ದೊಡ್ಡದಾಗಿ ಡಂಪ್ ಗಂಟೆಗಟ್ಟಲೆ ಹಿಡಿಯುತ್ತಿದೆ, ಹಾಗಾಗಿ ಎಲ್‌ವಿಎಂ ಸ್ನ್ಯಾಪ್‌ಶಾಟ್ (ಲಿನಕ್ಸ್‌ನಲ್ಲಿ ಡಿಸ್ಕಿನ ಆ ಕ್ಷಣದ ಚಿತ್ರ) ತೆಗೆಯಬೇಕು. ಜೊತೆಗೆ ಬೈನರಿ ಲಾಗ್ (ಡೇಟಾದಲ್ಲಿ ಆದ ಬದಲಾವಣೆಗಳ ದಾಖಲೆ) ಎಲ್ಲಿಗೆ ಬಂದಿದೆ ಅನ್ನುವುದೂ ಕರಾರುವಾಕ್ಕಾಗಿ ಬೇಕು. ಇಂಥ ಕಡೆ ಬರುವುದೇ ಫ್ಲಶ್ ಟೇಬಲ್ಸ್ ವಿತ್ ರೀಡ್ ಲಾಕ್. ಇದು ಸರ್ವರಿನ ಎಲ್ಲ ಡೇಟಾಬೇಸ್‌ಗಳಿಗೂ ಒಟ್ಟಿಗೆ ಬೀಳುವ ಬೀಗ. ಓದಬಹುದು, ಬರೆಯುವಂತಿಲ್ಲ.

ಹಾಕುವ ಮುಂಚೆ ಶೋ ಫುಲ್ ಪ್ರೊಸೆಸ್‌ಲಿಸ್ಟ್ ಕೊಟ್ಟು ನೋಡಿ. ಉದ್ದದ ಕ್ವೆರಿ (ಡೇಟಾಬೇಸ್‌ಗೆ ಕೊಟ್ಟ ಕೋರಿಕೆ) ಏನಾದರೂ ಓಡುತ್ತಿದೆಯಾ? ಇದು ತುಂಬಾ ಮುಖ್ಯ. ಆ ಬೀಗ ಬೀಳಬೇಕಾದರೆ ಓಡುತ್ತಿರುವ ಕ್ವೆರಿಗಳು ಮುಗಿಯಬೇಕು. ಯಾರೋ ಮಾಲೀಕರು ಮೂರು ವರ್ಷದ ಖರೀದಿ ವರದಿ ತೆಗೆಯಲು ಕ್ಲಿಕ್ ಮಾಡಿ ಊಟಕ್ಕೆ ಹೋಗಿದ್ದಾರೆ ಅಂದುಕೊಳ್ಳಿ. ನಿಮ್ಮ ಲಾಕ್ ಆ ವರದಿಗಾಗಿ ಕಾಯುತ್ತದೆ, ನಿಮ್ಮ ಲಾಕಿನ ಹಿಂದೆ ಉಳಿದ ಬರಹಗಳೆಲ್ಲ ಸಾಲಾಗಿ ಕಾಯುತ್ತವೆ, ಆ ವರದಿ ಬಳಸುವ ಟೇಬಲ್ ಬೇಕಾದರೆ ಬರೀ ಓದಲು ಬಂದವರೂ ಕಾಯುತ್ತಾರೆ. ಲಾಕ್ ಇನ್ನೂ ಬಿದ್ದಿಲ್ಲ, ಆದರೂ ಅಂಗಡಿ ಪೂರ್ತಿ ನಿಂತಿದೆ. ಬ್ಯಾಕಪ್‌ನಿಂದ ಸಿಸ್ಟಂ ನಿಂತುಹೋಯಿತು ಅನ್ನುವ ಕಥೆಗಳ ಹಿಂದೆ ಎಷ್ಟೋ ಸಲ ಇರುವುದು ಇದೇ.

ಅದಕ್ಕೇ ಎರಡನೇ ಹೆಜ್ಜೆ, ಲಾಕ್ ಹಾಕುವ ಸೆಷನ್‌ನಲ್ಲೇ (ಅದೇ ಕನೆಕ್ಷನ್‌ನಲ್ಲಿ) ಸೆಟ್ ಸೆಷನ್ ಲಾಕ್_ವೇಟ್_ಟೈಮೌಟ್ = 10 ಅಂತ ಕೊಡಿ. ಸುಮ್ನೆ ಬಿಟ್ಟರೆ ಇದರ ಬೆಲೆ 31536000 ಸೆಕೆಂಡ್. ಲೆಕ್ಕ ಹಾಕಿ, ಒಂದು ವರ್ಷ! ಹತ್ತು ಸೆಕೆಂಡಿನಲ್ಲಿ ಲಾಕ್ ಸಿಗದಿದ್ದರೆ ಎರರ್ ಬರಲಿ, ಆಮೇಲೆ ಇನ್ನೊಮ್ಮೆ ನೋಡೋಣ.

ಆಮೇಲೆ ಬೀಗ ಹಾಕಿ: ಫ್ಲಶ್ ಟೇಬಲ್ಸ್ ವಿತ್ ರೀಡ್ ಲಾಕ್. ಇದಕ್ಕೆ ರೀಲೋಡ್ ಅನುಮತಿ ಇರುವ ಯೂಸರ್ ಬೇಕು. ಪ್ರಾಂಪ್ಟ್ ವಾಪಸ್ ಬಂತು ಅಂದರೆ ಲಾಕ್ ಸಿಕ್ಕಿದೆ.

ಕೂಡಲೇ ಶೋ ಮಾಸ್ಟರ್ ಸ್ಟೇಟಸ್ ಕೊಟ್ಟು ಬೈನರಿ ಲಾಗ್ ಫೈಲಿನ ಹೆಸರು, ಪೊಸಿಷನ್ ಎರಡನ್ನೂ ಬರೆದಿಟ್ಟುಕೊಳ್ಳಿ. 8.4ರಲ್ಲಿ ಈ ಕಮಾಂಡ್ ಇಲ್ಲ, ಶೋ ಬೈನರಿ ಲಾಗ್ ಸ್ಟೇಟಸ್ ಅಂತ ಕೊಡಬೇಕು. ಬ್ಯಾಕಪ್ ಆದ ಮೇಲಿನ ಬಿಲ್‌ಗಳನ್ನು ಲಾಗಿನಿಂದ ಮತ್ತೆ ಕಟ್ಟಬೇಕಾದಾಗ ಈ ಎರಡೇ ಕೈಹಿಡಿಯುವುದು.

ಈಗ ಎಲ್‌ವಿಕ್ರಿಯೇಟ್‌ನಿಂದ ಸ್ನ್ಯಾಪ್‌ಶಾಟ್ ತೆಗೆಯಿರಿ. ಡೇಟಾ ಎಷ್ಟೇ ದೊಡ್ಡದಿರಲಿ ಇದು ಕ್ಷಣದಲ್ಲಿ ಮುಗಿಯುತ್ತದೆ, ಯಾಕಂದರೆ ಇಲ್ಲಿ ಏನೂ ಕಾಪಿ ಆಗುವುದಿಲ್ಲ, ಇಲ್ಲಿಂದ ಮುಂದೆ ಬದಲಾಗುವ ಬ್ಲಾಕ್‌ಗಳ ಹಳೇ ರೂಪ ಮಾತ್ರ ಪಕ್ಕಕ್ಕೆ ಉಳಿಯುತ್ತಾ ಹೋಗುತ್ತದೆ.

ತಕ್ಷಣ ಅನ್‌ಲಾಕ್ ಟೇಬಲ್ಸ್. ಕಾಪಿ ಮಾಡುವುದು, ಜಿಪ್ ಮಾಡುವುದು, ಬೇರೆ ಊರಿನ ಸರ್ವರಿಗೆ ಕಳಿಸುವುದು, ಎಲ್ಲ ಇದಾದ ಮೇಲೆ. ಲಾಕ್ ಬಿಡುವ ಮುಂಚೆ ಟಾರ್ (ಫೈಲ್‌ಗಳನ್ನು ಒಂದು ಕಟ್ಟು ಮಾಡುವ ಕಮಾಂಡ್) ಶುರು ಮಾಡುವವರನ್ನು ಕಂಡರೆ ನನಗೆ ಬೇಜಾರು. ಸ್ನ್ಯಾಪ್‌ಶಾಟ್ ತೆಗೆದದ್ದೇ ಲಾಕ್ ಬೇಗ ಬಿಡಲಿ ಅಂತ ಅಲ್ವಾ?

ಕೊನೆಗೆ ಸ್ನ್ಯಾಪ್‌ಶಾಟ್ ಅನ್ನು ಓದಲು ಮಾತ್ರ ಆಗುವಂತೆ ಮೌಂಟ್ ಮಾಡಿ, ಕಾಪಿ ಮಾಡಿ, ಎಲ್‌ವಿರಿಮೂವ್ ಮಾಡಿ. ಫೈಲ್‌ಸಿಸ್ಟಂ ಎಕ್ಸ್‌ಎಫ್‌ಎಸ್ ಆಗಿದ್ದರೆ ಮೌಂಟ್ ಮಾಡುವಾಗ ನೋಯುಯುಐಡಿ ಆಯ್ಕೆ ಬೇಕು. ಸ್ನ್ಯಾಪ್‌ಶಾಟಿಗೆ ಕೊಟ್ಟ ಜಾಗ ಸಾಕಾಗದೆ ತುಂಬಿಹೋದರೆ ಅದು ಕೆಟ್ಟುಹೋಗುತ್ತದೆ, ಕಾಪಿ ಅರ್ಧದಲ್ಲೇ ನಿಲ್ಲುತ್ತದೆ. ಕೊಯ್ಲಿನ ತಿಂಗಳಲ್ಲಿ ಬರಹ ಜಾಸ್ತಿ, ಜಾಗವನ್ನೂ ಜಾಸ್ತಿ ಕೊಡಿ. ಇನ್ನೊಂದು ಮಾತು, ಡೇಟಾ ಫೈಲ್‌ಗಳೂ ಇನ್ನೋಡಿಬಿಯ ರೀಡೂ ಲಾಗೂ (ಕರೆಂಟ್ ಹೋದರೆ ಸರಿಮಾಡಿಕೊಳ್ಳಲು ಅದು ಇಡುವ ದಾಖಲೆ) ಒಂದೇ ವಾಲ್ಯೂಮಿನಲ್ಲಿ ಇರಬೇಕು. ಬೇರೆ ಬೇರೆ ಕಡೆ ಇದ್ದರೆ ಒಂದೇ ಕ್ಷಣದ ಚಿತ್ರ ಸಿಗುವುದಿಲ್ಲ.

ಬೀಗ ಹಾಕಿ ಸುಮ್ನೆ ಫೋಲ್ಡರ್ ಕಾಪಿ ಮಾಡಿದರೆ ಆಗಲ್ವಾ ಅಂತ ಕೇಳುತ್ತಾರೆ. ಮೈಐಸಾಮಿಗೆ ಆಗುತ್ತದೆ. ಇನ್ನೋಡಿಬಿಗೆ ಆಗುವುದಿಲ್ಲ. ಬೀಗ ತಡೆಯುವುದು ಹೊರಗಿನಿಂದ ಬರುವ ಬರಹವನ್ನು ಮಾತ್ರ. ಇನ್ನೋಡಿಬಿಯ ಹಿನ್ನೆಲೆ ಥ್ರೆಡ್‌ಗಳು ಮೆಮೊರಿಯಲ್ಲಿ ಬಾಕಿ ಇರುವ ಪೇಜ್‌ಗಳನ್ನು ಡಿಸ್ಕಿಗೆ ಬರೆಯುತ್ತಲೇ ಇರುತ್ತವೆ. ನೀವು ಕಾಪಿ ಮಾಡುವಾಗಲೇ ಫೈಲ್ ಬದಲಾಗುತ್ತಿರುತ್ತದೆ. ಸ್ನ್ಯಾಪ್‌ಶಾಟ್‌ನಲ್ಲಿ ಆ ತೊಂದರೆ ಇಲ್ಲ. ಕರೆಂಟ್ ಹೋಗಿ ಬಂದಾಗ ಇನ್ನೋಡಿಬಿ ತಾನೇ ಸರಿಮಾಡಿಕೊಳ್ಳುತ್ತದಲ್ಲ, ಸ್ನ್ಯಾಪ್‌ಶಾಟಿನಿಂದ ಎದ್ದಾಗಲೂ ಹಾಗೇ ಮಾಡಿಕೊಳ್ಳುತ್ತದೆ. ಸ್ನ್ಯಾಪ್‌ಶಾಟ್ ಬೇಡ, ಫೈಲ್ ಮಟ್ಟದ ಬ್ಯಾಕಪ್ಪೇ ಬೇಕು ಅಂದರೆ ಪರ್ಕೋನಾ ಎಕ್ಸ್‌ಟ್ರಾಬ್ಯಾಕಪ್ ಅನ್ನುವ ಉಚಿತ ಟೂಲ್ ಇದೆ. ಮರಿಯಾಡಿಬಿಯವರಿಗೆ ಮರಿಯಾಬ್ಯಾಕಪ್ ಇದೆ.

ಸ್ಕ್ರಿಪ್ಟಿನಲ್ಲಿ ಎಡವುವ ಜಾಗ

ಬ್ಯಾಕಪ್ ತೆಗೆಯುವ ಮೂರು ಸಾಲಿನ ಒಂದು ಸ್ಕ್ರಿಪ್ಟನ್ನು ನಾನು ಬೇರೆ ಬೇರೆ ಕಡೆ ನೋಡಿದ್ದೇನೆ, ಬರೆದವರೂ ಬೇರೆ ಬೇರೆ. ಮೊದಲ ಸಾಲಿನಲ್ಲಿ ಮೈಎಸ್‌ಕ್ಯೂಎಲ್ ಕ್ಲೈಂಟಿಗೆ -ಇ (ಕಮಾಂಡನ್ನು ಅದೇ ಸಾಲಿನಲ್ಲಿ ಕೊಡುವ ಆಯ್ಕೆ) ಕೊಟ್ಟು ಲಾಕ್ ಹಾಕುತ್ತಾರೆ. ಎರಡನೇ ಸಾಲಿನಲ್ಲಿ ಟಾರ್. ಮೂರನೇ ಸಾಲಿನಲ್ಲಿ ಮತ್ತೆ -ಇ ಕೊಟ್ಟು ಅನ್‌ಲಾಕ್. ನೋಡಲು ಎಷ್ಟು ಚೆಂದ. ಆದರೆ ಲಾಕ್ ಇರುವುದು ಅದನ್ನು ಹಾಕಿದ ಕನೆಕ್ಷನ್ ಬದುಕಿರುವ ತನಕ ಮಾತ್ರ. ಮೊದಲ ಸಾಲು ಮುಗಿದ ಕೂಡಲೇ ಆ ಕ್ಲೈಂಟ್ ಹೊರಗೆ ಬರುತ್ತದೆ, ಕನೆಕ್ಷನ್ ಮುಚ್ಚುತ್ತದೆ, ಲಾಕ್ ಹೋಗುತ್ತದೆ. ಟಾರ್ ನಡೆಯುವುದು ಬೀಗವೇ ಇಲ್ಲದೆ. ಮೂರನೇ ಸಾಲು ಇಲ್ಲದ ಲಾಕನ್ನು ತೆಗೆಯುತ್ತದೆ, ಎರರ್ ಕೂಡ ಬರುವುದಿಲ್ಲ. ಹಾಗಾಗಿ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ.

ಸರಿಯಾದ ದಾರಿ, ಎಲ್ಲವನ್ನೂ ಒಂದೇ ಕ್ಲೈಂಟ್ ಒಳಗೆ ಮಾಡುವುದು. ಮೈಎಸ್‌ಕ್ಯೂಎಲ್ ಕ್ಲೈಂಟಿನಲ್ಲಿ ಸಿಸ್ಟಮ್ ಅನ್ನುವ ಕಮಾಂಡ್ ಇದೆ, ಅದರ ಮುಂದೆ ಶೆಲ್ ಕಮಾಂಡ್ ಬರೆದರೆ ಅಲ್ಲಿಂದಲೇ ಓಡಿಸುತ್ತದೆ. ಒಂದು ಫೈಲಿನಲ್ಲಿ ಈ ಕ್ರಮದಲ್ಲಿ ಸಾಲುಗಳನ್ನು ಬರೆದಿಡಿ: ಸೆಟ್ ಸೆಷನ್ ಟೈಮೌಟ್, ಫ್ಲಶ್ ಟೇಬಲ್ಸ್ ವಿತ್ ರೀಡ್ ಲಾಕ್, ಶೋ ಮಾಸ್ಟರ್ ಸ್ಟೇಟಸ್, ಸಿಸ್ಟಮ್ ಎಲ್‌ವಿಕ್ರಿಯೇಟ್, ಅನ್‌ಲಾಕ್ ಟೇಬಲ್ಸ್. ಆ ಫೈಲನ್ನು ರೂಟ್ ಆಗಿ ಕ್ಲೈಂಟಿಗೆ ಕೊಡಿ. ಲಾಕ್ ಸಿಗದಿದ್ದರೆ ಕ್ಲೈಂಟ್ ಎರರ್ ಕೊಟ್ಟು ಅಲ್ಲೇ ನಿಲ್ಲುತ್ತದೆ, ಮುಂದಿನ ಸಾಲಿಗೆ ಹೋಗುವುದಿಲ್ಲ. ಮಧ್ಯದಲ್ಲಿ ಸತ್ತರೂ ಕನೆಕ್ಷನ್ ಜೊತೆ ಲಾಕ್ ತಾನೇ ಬಿಡುಗಡೆ ಆಗುತ್ತದೆ. ಆದರೆ ಎಲ್‌ವಿಕ್ರಿಯೇಟ್ ಸೋತರೆ ಕ್ಲೈಂಟಿಗೆ ಅದು ಗೊತ್ತಾಗುವುದಿಲ್ಲ. ಹಾಗಾಗಿ ಕೊನೆಯಲ್ಲಿ ಸ್ನ್ಯಾಪ್‌ಶಾಟ್ ನಿಜಕ್ಕೂ ಇದೆಯಾ ಅಂತ ಸ್ಕ್ರಿಪ್ಟಿನಲ್ಲಿ ಬೇರೆಯಾಗಿ ನೋಡಿ.

ಕೈಯಲ್ಲಿ ಮಾಡುವವರು ಸರ್ವರಿನ ಮೇಲೇ ಟಿಮಕ್ಸ್ ಅಥವಾ ಸ್ಕ್ರೀನ್ (ನೆಟ್ ಹೋದರೂ ಸೆಷನ್ ಉಳಿಸುವ ಟೂಲ್‌ಗಳು) ಒಳಗೆ ಕೂತು ಮಾಡಿ. ನಮ್ಮ ಮಲೆನಾಡಿನ ಮಳೆಗಾಲ ಗೊತ್ತಲ್ಲ, ಜೂನ್, ಜುಲೈನಲ್ಲಿ ಎಲ್ಲೋ ಮರ ಬಿದ್ದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಮನೆಯ ಲ್ಯಾಪ್‌ಟಾಪಿನ ಕ್ಲೈಂಟಿನಿಂದ ನೇರವಾಗಿ ಲಾಕ್ ಹಾಕಿ ಕೂತಿರುವಾಗ ನೆಟ್ ಸದ್ದಿಲ್ಲದೆ ಹೋದರೆ, ನೀವು ಹೋಗಿದ್ದೀರಿ ಅನ್ನುವುದು ಸರ್ವರಿಗೆ ಕೂಡಲೇ ತಿಳಿಯುವುದಿಲ್ಲ. ಕನೆಕ್ಷನ್ ಸತ್ತಿದೆ ಅಂತ ಅದಕ್ಕೆ ಗೊತ್ತಾಗುವ ತನಕ ಲಾಕ್ ಹಾಗೇ ಇರುತ್ತದೆ. ಮೈಎಸ್‌ಕ್ಯೂಎಲ್‌ನ ವೇಟ್_ಟೈಮೌಟ್ ಸಾಮಾನ್ಯವಾಗಿ 28800 ಸೆಕೆಂಡ್, ಅಂದರೆ 8 ಗಂಟೆ.

ಬೀಗ ಸಿಕ್ಕಿಹಾಕಿಕೊಂಡರೆ

ಲಕ್ಷಣ ಹೀಗಿರುತ್ತದೆ. ವರದಿ ಬರುತ್ತದೆ, ಬಿಲ್ ಸೇವ್ ಆಗುವುದಿಲ್ಲ. ಕೌಂಟರಿನಲ್ಲಿರುವ ರೈಟರ್ (ಲೆಕ್ಕ ಬರೆಯುವವರು) ಮತ್ತೆ ಮತ್ತೆ ಸೇವ್ ಒತ್ತುತ್ತಾರೆ. ಒತ್ತಿದಷ್ಟೂ ಹೊಸ ಕನೆಕ್ಷನ್. ಮ್ಯಾಕ್ಸ್_ಕನೆಕ್ಷನ್ಸ್ ಸಾಮಾನ್ಯವಾಗಿ 151 ಇರುತ್ತದೆ, ಅದು ತುಂಬಿದ ಮೇಲೆ ವರದಿಯೂ ಬರುವುದಿಲ್ಲ. ಅದಕ್ಕೇ ಬ್ಯಾಕಪ್ ದಿನ ಹೊರಗಿನಿಂದ ಕೈಹಾಕುವ ಮುಂಚೆ ಒಂದು ಫೋನ್ ಮಾಡಿ: "ಅಣ್ಣಾ, ಒಂದು ನಿಮಿಷ ಬಿಲ್ ಹೊಡೀಬೇಡಿ, ನಾನೇ ಹೇಳ್ತೀನಿ." ಅಷ್ಟು ಸಾಕು.

ಪ್ರೊಸೆಸ್‌ಲಿಸ್ಟಿನಲ್ಲಿ ಕಾಯುತ್ತಿರುವ ಬರಹಗಳ ಮುಂದೆ ವೇಟಿಂಗ್ ಫಾರ್ ಗ್ಲೋಬಲ್ ರೀಡ್ ಲಾಕ್ ಅಂತ ಇರುತ್ತದೆ. ಅಂದರೆ ಯಾರೋ ಬೀಗ ಹಿಡಿದಿದ್ದಾರೆ. ಹಿಡಿದವರು ಯಾರು ಅನ್ನುವುದು ಪ್ರೊಸೆಸ್‌ಲಿಸ್ಟಿನಲ್ಲಿ ಕಾಣುವುದಿಲ್ಲ, ಅದು ಬರೀ ಸ್ಲೀಪ್ ಅಂತ ಮಲಗಿರುತ್ತದೆ. ಪರ್ಫಾರ್ಮೆನ್ಸ್ ಸ್ಕೀಮಾದ ಮೆಟಾಡೇಟಾ_ಲಾಕ್ಸ್ ಟೇಬಲ್‌ನಲ್ಲಿ ಆಬ್ಜೆಕ್ಟ್ ಟೈಪ್ ಗ್ಲೋಬಲ್, ಡ್ಯುರೇಷನ್ ಎಕ್ಸ್‌ಪ್ಲಿಸಿಟ್, ಸ್ಟೇಟಸ್ ಗ್ರಾಂಟೆಡ್ ಇರುವ ಸಾಲು ಹುಡುಕಿ. ಅದರ ಥ್ರೆಡ್ ನಂಬರನ್ನು ಥ್ರೆಡ್ಸ್ ಟೇಬಲ್‌ಗೆ ಹೊಂದಿಸಿದರೆ ಪ್ರೊಸೆಸ್‌ಲಿಸ್ಟ್ ಐಡಿ ಸಿಗುತ್ತದೆ. ಕಿಲ್ ಕೊಟ್ಟು ಆ ಐಡಿ ಹಾಕಿ. ಬೀಗ ಬಿಟ್ಟಿತು.

ವೇಟಿಂಗ್ ಫಾರ್ ಟೇಬಲ್ ಫ್ಲಶ್ ಅಂತ ಕಂಡರೆ ಕಥೆ ಬೇರೆ. ಅಲ್ಲಿ ಲಾಕ್ ಕೇಳಿದವರನ್ನು ಕೊಂದರೂ ಉಪಯೋಗ ಆಗದೆ ಹೋಗಬಹುದು. ಮೊದಲಿನಿಂದ ಓಡುತ್ತಿರುವ ಆ ಉದ್ದದ ಕ್ವೆರಿ ಮುಗಿಯಬೇಕು, ಇಲ್ಲವೇ ಅದನ್ನೇ ಕೊಲ್ಲಬೇಕು. ಮಾಲೀಕರ ವರದಿ ಇನ್ನೊಮ್ಮೆ ತೆಗೆದರಾಯಿತು.

ರೀಡ್_ಓನ್ಲಿ ಬಗ್ಗೆ ಎರಡು ಮಾತು

ಸರ್ವರ್ ಬದಲಾಯಿಸುವಾಗ ತುಂಬಾ ಹೊತ್ತು ಬರಹ ನಿಲ್ಲಿಸಬೇಕಾಗುತ್ತದೆ. ಆಗ ಮೇಲಿನ ಲಾಕ್ ಬೇಡ, ಸೂಪರ್_ರೀಡ್_ಓನ್ಲಿ ಆನ್ ಮಾಡಿ. ಬರೀ ರೀಡ್_ಓನ್ಲಿ ಸಾಲದು, ಸೂಪರ್ ಅನುಮತಿ ಇರುವ ಯೂಸರ್ ಅದನ್ನು ದಾಟಿ ಬರೆಯುತ್ತಾನೆ, ನಮ್ಮ ಕಡೆ ಎಷ್ಟೋ ಸಾಫ್ಟ್‌ವೇರ್ ರೂಟ್ ಯೂಸರ್‌ನಲ್ಲೇ ಓಡುತ್ತಿರುತ್ತವೆ. ಇಲ್ಲಿ ಕನೆಕ್ಷನ್ ಮುಚ್ಚಿದರೂ ತಡೆ ಹೋಗುವುದಿಲ್ಲ, ನೀವೇ ತೆಗೆಯಬೇಕು. ತೆಗೆಯುವಾಗ ರೀಡ್_ಓನ್ಲಿಯನ್ನು ಆಫ್ ಮಾಡಿ, ಸೂಪರ್_ರೀಡ್_ಓನ್ಲಿಯೂ ಜೊತೆಗೇ ಆಫ್ ಆಗುತ್ತದೆ. ಉಲ್ಟಾ ಮಾಡಿದರೆ ರೀಡ್_ಓನ್ಲಿ ಹಾಗೇ ಉಳಿದುಕೊಳ್ಳುತ್ತದೆ, ರೂಟ್‌ಗೆ ಎಲ್ಲ ಸರಿ ಕಾಣುತ್ತದೆ, ಉಳಿದವರಿಗೆ ಬರಹ ಆಗುವುದಿಲ್ಲ.

ರೆಪ್ಲಿಕಾ (ಅಸಲಿ ಸರ್ವರಿನ ಬದಲಾವಣೆಗಳನ್ನು ನಕಲು ಮಾಡುತ್ತಾ ಹೋಗುವ ಇನ್ನೊಂದು ಸರ್ವರ್) ಇದ್ದರೆ ಇದ್ಯಾವುದೂ ಬೇಡ. ರೆಪ್ಲಿಕಾದಲ್ಲಿ ಸ್ಟಾಪ್ ರೆಪ್ಲಿಕಾ ಎಸ್‌ಕ್ಯೂಎಲ್_ಥ್ರೆಡ್ ಕೊಡಿ, ಆರಾಮಾಗಿ ಡಂಪ್ ತೆಗೆಯಿರಿ, ಮತ್ತೆ ಸ್ಟಾರ್ಟ್ ಮಾಡಿ. ಕೌಂಟರಿಗೆ ಗೊತ್ತೇ ಆಗುವುದಿಲ್ಲ. ಹೋಮ್‌ಸ್ಟೇ ಬುಕಿಂಗ್‌ನವರಿಗೆ, ಅದರಲ್ಲೂ ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಬುಕಿಂಗ್ ಸುರಿಯುವವರಿಗೆ, ಒಂದು ಹಳೇ ಮೆಷಿನ್ನನ್ನು ರೆಪ್ಲಿಕಾ ಮಾಡಿ ಇಟ್ಟುಕೊಳ್ಳಿ ಅಂತಲೇ ನಾನು ಹೇಳುವುದು.

ಮೊಂಗೊಡಿಬಿ, ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್

ಮೊಂಗೊಡಿಬಿಯಲ್ಲಿ ಡಿಬಿ.ಎಫ್‌ಸಿಂಕ್‌ಲಾಕ್ ಬಾಕಿ ಬರಹಗಳನ್ನು ಡಿಸ್ಕಿಗೆ ಇಳಿಸಿ ಹೊಸ ಬರಹ ನಿಲ್ಲಿಸುತ್ತದೆ. ಡಿಬಿ.ಎಫ್‌ಸಿಂಕ್‌ಅನ್‌ಲಾಕ್ ಬಿಡುಗಡೆ ಮಾಡುತ್ತದೆ. ಎರಡು ವಿಷಯ ನೆನಪಿಡಿ. ಒಂದು, ಎಷ್ಟು ಸಲ ಲಾಕ್ ಹಾಕಿದ್ದೀರೋ ಅಷ್ಟು ಸಲ ಅನ್‌ಲಾಕ್ ಮಾಡಬೇಕು. ಅದು ಲೆಕ್ಕ ಇಟ್ಟುಕೊಳ್ಳುತ್ತದೆ, ಉತ್ತರದಲ್ಲಿ ಲಾಕ್‌ಕೌಂಟ್ ಸೊನ್ನೆ ಬರುವ ತನಕ ಬೀಗ ಹೋಗಿಲ್ಲ. ಎರಡು, ಲಾಕ್ ಹಾಕಿದ ಶೆಲ್ ಮುಚ್ಚಬೇಡಿ. ಲಾಕ್ ಇರುವಾಗ ಓದುವುದೂ ನಿಲ್ಲಬಹುದು, ಪಾಸ್‌ವರ್ಡ್ ಪರೀಕ್ಷೆಗೂ ಓದಬೇಕು, ಹಾಗಾಗಿ ಅನ್‌ಲಾಕ್ ಮಾಡೋಣ ಅಂತ ಹೊಸದಾಗಿ ಲಾಗಿನ್ ಆಗಲು ಹೋದರೆ ಒಳಗೇ ಬಿಡದೆ ಇರಬಹುದು. ರೆಪ್ಲಿಕಾ ಸೆಟ್ ಇದ್ದರೆ ಇದನ್ನು ಸೆಕೆಂಡರಿಯಲ್ಲೇ (ನಕಲು ಇಟ್ಟುಕೊಳ್ಳುವ ಸರ್ವರಿನಲ್ಲಿ) ಮಾಡಿ. ಜರ್ನಲ್ಲೂ ಡೇಟಾವೂ ಒಂದೇ ವಾಲ್ಯೂಮಿನಲ್ಲಿದ್ದು ಸ್ನ್ಯಾಪ್‌ಶಾಟ್ ತೆಗೆಯುತ್ತಿದ್ದರೆ ಲಾಕ್ ಅಗತ್ಯವೇ ಇಲ್ಲ.

ಪೋಸ್ಟ್‌ಗ್ರೆಸ್‌ನವರು ಅದೃಷ್ಟವಂತರು. ಪಿಜಿ_ಡಂಪ್ ಯಾರ ಬರಹವನ್ನೂ ತಡೆಯುವುದಿಲ್ಲ. ಪಿಜಿ_ಬೇಸ್‌ಬ್ಯಾಕಪ್ಪೂ ಅಷ್ಟೇ. ಕೈಯಲ್ಲೇ ಫೈಲ್ ಕಾಪಿ ಮಾಡುವವರು ಪಿಜಿ_ಬ್ಯಾಕಪ್_ಸ್ಟಾರ್ಟ್, ಪಿಜಿ_ಬ್ಯಾಕಪ್_ಸ್ಟಾಪ್ ಬಳಸುತ್ತಾರೆ. 2022ರ 15ನೇ ಆವೃತ್ತಿಗೆ ಮುಂಚೆ ಇವು ಪಿಜಿ_ಸ್ಟಾರ್ಟ್_ಬ್ಯಾಕಪ್, ಪಿಜಿ_ಸ್ಟಾಪ್_ಬ್ಯಾಕಪ್ ಆಗಿದ್ದವು, ಹಳೇ ಸ್ಕ್ರಿಪ್ಟ್ ಇದ್ದಕ್ಕಿದ್ದಂತೆ ಎರರ್ ಕೊಟ್ಟರೆ ಇದೇ ಕಾರಣ. ಇವು ಬೀಗ ಹಾಕುವುದಿಲ್ಲ. ಆದರೆ ಸ್ಟಾರ್ಟ್ ಕೊಟ್ಟ ಸೆಷನ್ ಸ್ಟಾಪ್ ಕೊಡುವ ತನಕ ತೆರೆದೇ ಇರಬೇಕು.

ಒಂದೇ ಕಂಪ್ಯೂಟರಿನ ಬಿಲ್ಲಿಂಗ್ ಪ್ರೋಗ್ರಾಂ ಎಸ್‌ಕ್ಯೂಲೈಟ್ ಮೇಲೆ ಇದ್ದರೆ ಡಿಬಿ ಫೈಲನ್ನು ಪೆನ್‌ಡ್ರೈವಿಗೆ ಎಳೆದು ಹಾಕಬೇಡಿ. ವಾಲ್ (ರೈಟ್-ಅಹೆಡ್ ಲಾಗ್) ಮೋಡ್‌ನಲ್ಲಿದ್ದರೆ ಹೊಸ ಬಿಲ್‌ಗಳು ಪಕ್ಕದ ಫೈಲಿನಲ್ಲಿ ಇರುತ್ತವೆ, ಅದು ಬಿಟ್ಟುಹೋಗುತ್ತದೆ. ಎಸ್‌ಕ್ಯೂಲೈಟ್ ಶೆಲ್‌ನ ಡಾಟ್ ಬ್ಯಾಕಪ್ ಕಮಾಂಡ್ ಬಳಸಿ, ಅಥವಾ 3.27 ಅಥವಾ ಅದಕ್ಕಿಂತ ಹೊಸದಾದರೆ ವ್ಯಾಕ್ಯೂಮ್ ಇಂಟು.

ಬ್ಯಾಕಪ್ ಬಂತಾ ಅಂತ ನೋಡುವುದು

ಡಂಪ್ ಫೈಲಿನ ಕೊನೇ ಸಾಲು ನೋಡಿ. ಡಂಪ್ ಕಂಪ್ಲೀಟೆಡ್ ಅಂತ ದಿನಾಂಕ ಸಮೇತ ಇರಬೇಕು. ಇಲ್ಲದಿದ್ದರೆ ಅರ್ಧದಲ್ಲಿ ನಿಂತಿದೆ. ಫೈಲ್ ಸೈಜ್ ನಿನ್ನೆಗಿಂತ ಸಿಕ್ಕಾಪಟ್ಟೆ ಕಡಿಮೆ ಇದ್ದರೂ ಅನುಮಾನಪಡಿ.

ಆಮೇಲೆ ಬೇರೆ ಮೆಷಿನ್ನಿನಲ್ಲಿ ರೀಸ್ಟೋರ್ ಮಾಡಿ, ಶುರುವಿನಲ್ಲಿ ಹೇಳಿದ ಆ ಮೂರು ಟೇಬಲ್‌ಗಳನ್ನೇ ತಾಳೆ ನೋಡಿ. ಕೊನೇ ಬಿಲ್ ನಂಬರ್ ತೆಗೆದುಕೊಳ್ಳಿ, ಅದರ ಮೂಟೆ ಸ್ಟಾಕಿನಲ್ಲಿ ಇದೆಯಾ, ಬೆಳೆಗಾರರ ಲೆಕ್ಕದಲ್ಲಿ ಹಣ ಕೂತಿದೆಯಾ. ಬಿಲ್ ಇಲ್ಲದ ಸ್ಟಾಕ್ ಸಾಲು, ಸ್ಟಾಕ್ ಇಲ್ಲದ ಬಿಲ್ ಎರಡನ್ನೂ ಹುಡುಕುವ ಒಂದು ಕ್ವೆರಿ ಬರೆದಿಟ್ಟುಕೊಳ್ಳಿ, ಎರಡೂ ಸೊನ್ನೆ ಬರಬೇಕು. ಮೊದಲು ಅದೇ ಕ್ವೆರಿಯನ್ನು ಅಸಲಿ ಡೇಟಾಬೇಸಿನ ಮೇಲೆ ಓಡಿಸಿ ನೋಡಿ, ಅಲ್ಲೇ ಸೊನ್ನೆ ಬರದಿದ್ದರೆ ತಪ್ಪು ಬ್ಯಾಕಪ್ಪಿನದ್ದಲ್ಲ, ಸಾಫ್ಟ್‌ವೇರಿನದ್ದು.